ನಲವತ್ತೈದರ ನಂತರ ಕೆಲಸ ಹುಡುಕುವ ಬಗೆ

ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಇಪ್ಪತ್ತು ವರ್ಷ ದುಡಿದು, ನಲವತ್ತೇಳನೆಯ ಅಥವಾ ಐವತ್ತೆರಡನೆಯ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವರು ಮೊದಲ ವಾರ ಮಾಡುವುದು ಬಹುತೇಕ ಒಂದೇ. ಹಳೆಯ ರೆಸ್ಯೂಮೆಗೆ ಕೊನೆಯ ಹುದ್ದೆಯನ್ನು ಸೇರಿಸಿ, ನೌಕ್ರಿ, ಲಿಂಕ್ಡ್‌ಇನ್‌ಗಳಲ್ಲಿ ಕಣ್ಣಿಗೆ ಬಿದ್ದ ಜಾಹೀರಾತುಗಳಿಗೆಲ್ಲ ಅರ್ಜಿ ಹಾಕುತ್ತಾರೆ. ಎರಡು ತಿಂಗಳಾದರೂ ಒಂದು ಫೋನ್ ಕರೆ ಬಾರದಿದ್ದಾಗ ತಮ್ಮ ಯೋಗ್ಯತೆಯನ್ನೇ ಅನುಮಾನಿಸತೊಡಗುತ್ತಾರೆ. ಅರ್ಜಿ ಸೋಸುವ ಕಡೆ ಏನು ನಡೆಯುತ್ತದೆಂಬುದು ತಿಳಿದರೆ ಆ ಅನುಮಾನಕ್ಕೆ ಎಡೆಯಿರುವುದಿಲ್ಲ. ನೇಮಕಾತಿ ಮಾಡುವವರು ಇಂಥ ತಾಣಗಳಲ್ಲಿ ಹುಡುಕುವಾಗ ಅನುಭವದ ಕನಿಷ್ಠ ಮತ್ತು ಗರಿಷ್ಠ ವರ್ಷಗಳು, ಈಗಿನ ಸಂಬಳದ ಮಿತಿ, ನೋಟಿಸ್ ಪೀರಿಯಡ್ ಮುಂತಾದವನ್ನು ಮೊದಲೇ ನಮೂದಿಸುತ್ತಾರೆ. ಹುದ್ದೆಗೆ ‘8ರಿಂದ 12 ವರ್ಷ’ ಎಂದು ಬರೆದುಕೊಂಡಿದ್ದರೆ 22 ವರ್ಷ ಅನುಭವವುಳ್ಳವರ ಹೆಸರು ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ನಿಮ್ಮನ್ನು ನೋಡಿ ಬೇಡವೆಂದವರು ಅಲ್ಲಿ ಯಾರೂ ಇರುವುದಿಲ್ಲ.

ಕಾನೂನಿನ ಆಸರೆಯೂ ಈ ವಿಷಯದಲ್ಲಿ ತೀರಾ ಕಡಿಮೆ. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು. ಅದು ನಿಷೇಧಿಸುವ ಭೇದಗಳಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಸ್ಥಳ, ವಾಸಸ್ಥಳಗಳಿವೆ, ವಯಸ್ಸಿಲ್ಲ. ಖಾಸಗಿ ನೇಮಕಾತಿಯಲ್ಲಿ ವಯಸ್ಸಿನ ಕಾರಣಕ್ಕೆ ಅಭ್ಯರ್ಥಿಯನ್ನು ಬಿಡುವುದನ್ನು ತಡೆಯುವ ಪ್ರತ್ಯೇಕ ಕಾಯ್ದೆ ದೇಶದಲ್ಲಿಲ್ಲ. ಆದ್ದರಿಂದ ನ್ಯಾಯ ಕೇಳುವುದಕ್ಕಿಂತ ದಾರಿ ಬದಲಿಸುವುದು ಫಲ ಕೊಡುತ್ತದೆ: ವರ್ಷಗಳನ್ನು ಎಣಿಸುವ ಸೋಸುವಿಕೆಯನ್ನು ದಾಟಿ, ನಿಮ್ಮಿಂದ ಬಗೆಹರಿಯುವಂಥ ತೊಂದರೆ ಯಾರಿಗಿದೆಯೋ ಅವರ ಮುಂದೆಯೇ ನೇರವಾಗಿ ಹೋಗಿ ನಿಲ್ಲಬೇಕು. ರೆಸ್ಯೂಮೆ, ಪರಿಚಯಸ್ಥರು, ಸಂದರ್ಶನ, ಸಂಬಳದ ಮಾತುಕತೆ ಎಲ್ಲವನ್ನೂ ಈ ಒಂದು ಉದ್ದೇಶಕ್ಕೆ ಹೊಂದಿಸಿಕೊಳ್ಳಬೇಕು.

ಮೊದಲು ಹಣದ ಲೆಕ್ಕ

ಹುಡುಕಾಟಕ್ಕೆ ಎಷ್ಟು ತಿಂಗಳು ಕೈಯಲ್ಲಿವೆ ಎಂಬುದು ತಿಳಿಯದೆ ಹೊರಟವರು ಮೂರನೆಯ ತಿಂಗಳಿಗೆ ಗಾಬರಿಯಾಗಿ ಸಿಕ್ಕಿದ್ದನ್ನು ಒಪ್ಪಿಕೊಳ್ಳುತ್ತಾರೆ, ಆರನೆಯ ತಿಂಗಳಿಗೆ ಅದನ್ನೂ ಬಿಡುತ್ತಾರೆ. ಮನೆಸಾಲದ ಕಂತು, ಮಕ್ಕಳ ಶುಲ್ಕ, ತಂದೆತಾಯಿಯ ಔಷಧಿ, ದಿನಸಿ ಸೇರಿ ತಿಂಗಳಿಗೆ ಬೇಕಾದ ಕನಿಷ್ಠ ಮೊತ್ತವನ್ನು ಮನೆಯವರೊಂದಿಗೆ ಕುಳಿತು ಬರೆದುಕೊಳ್ಳಿ. ಕೆಲಸ ಹೋದದ್ದನ್ನು ಮನೆಯವರಿಂದ ಮುಚ್ಚಿಟ್ಟು ಬೆಳಿಗ್ಗೆ ಎಂದಿನಂತೆ ಬ್ಯಾಗು ಹಿಡಿದು ಹೊರಡುವವರು ನಾವಂದುಕೊಂಡಷ್ಟು ವಿರಳರೇನಲ್ಲ. ಆದರೆ ಆ ಮುಚ್ಚುಮರೆ ಹುಡುಕಾಟಕ್ಕೆ ಬೇಕಾದ ಸಮಯವನ್ನೂ ಧೈರ್ಯವನ್ನೂ ತಿಂದುಹಾಕುತ್ತದೆ.

ಹಳೆಯ ಕಂಪನಿಯಿಂದ ಬರಬೇಕಾದದ್ದನ್ನು ಬಿಡದೆ ಕೇಳಿ ಪಡೆಯಿರಿ. ಐದು ವರ್ಷ ನಿರಂತರ ಸೇವೆ ಮುಗಿಸಿದ್ದರೆ ಗ್ರಾಚ್ಯುಟಿ ನಿಮ್ಮ ಹಕ್ಕು. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿದರೆ ಲೆಕ್ಕ ಸಿಗುತ್ತದೆ. 60,000 ರೂಪಾಯಿ ಮೂಲವೇತನದಲ್ಲಿ 12 ವರ್ಷ ದುಡಿದವರಿಗೆ ಸುಮಾರು 4.15 ಲಕ್ಷ ರೂಪಾಯಿ ಬರಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಯ ಒಪ್ಪಂದದಲ್ಲಿರುವ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ದೊರೆಯುತ್ತದೆ. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂಬ ನಿಯಮವೂ ಅವುಗಳಲ್ಲಿದೆ.

ಪಿಎಫ್ ಹಣವನ್ನು ಮುಟ್ಟುವ ಮುನ್ನ ಪಿಂಚಣಿಯ ಭಾಗವನ್ನು ಗಮನಿಸಿ. ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷಗಳ ಸೇವೆಯಾದರೆ 58ನೇ ವಯಸ್ಸಿನಿಂದ ಪಿಂಚಣಿ ಸಿಗುತ್ತದೆ. ಎಂಟೊಂಬತ್ತು ವರ್ಷದ ಸೇವೆಯುಳ್ಳವರು ಆ ಭಾಗವನ್ನು ಹಿಂತೆಗೆದುಕೊಂಡರೆ ಸೇವಾವಧಿಯ ಲೆಕ್ಕ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ. ಹಣದ ಅಗತ್ಯ ತೀವ್ರವಾಗಿಲ್ಲದಿದ್ದರೆ ಹೊಸ ಕಂಪನಿಯ ಖಾತೆಗೆ ವರ್ಗಾಯಿಸುವುದೇ ಮೇಲು. ಆರೋಗ್ಯ ವಿಮೆಯದ್ದು ಇನ್ನೂ ತುರ್ತಿನ ವಿಷಯ. ಕಂಪನಿಯ ಗುಂಪು ವಿಮೆ ಕೆಲಸದೊಂದಿಗೇ ಮುಗಿಯುತ್ತದೆ, ಹೊಸದಾಗಿ ಕೊಳ್ಳುವ ಪಾಲಿಸಿಯಲ್ಲಿ ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಗರಿಷ್ಠ 36 ತಿಂಗಳ ಕಾಯುವ ಅವಧಿ ಇರಬಹುದು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶವಿದೆಯೇ ಎಂದು ಕೊನೆಯ ದಿನಕ್ಕಿಂತ ಮೊದಲೇ ಎಚ್‌ಆರ್ ವಿಭಾಗದಲ್ಲಿ ವಿಚಾರಿಸಿ.

ಕಾಗದಪತ್ರಗಳು: ಆಫರ್ ಕೈಗೆ ಬಂದ ಮೇಲೆ ಅಲ್ಲ, ಈಗಲೇ

ಐವತ್ತರ ಆಸುಪಾಸಿನವರು ಎಡವುವ ಜಾಗಗಳಲ್ಲಿ ಇದು ಮುಖ್ಯವಾದದ್ದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕೊನೆಯ ಬಾರಿ ನೀವು ಕೆಲಸ ಬದಲಿಸಿದಾಗ ಒಂದು ರಿಲೀವಿಂಗ್ ಲೆಟರ್ ಸಾಕಾಗಿತ್ತು. ಈಗ ಹೊಸ ಕಂಪನಿ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಕೆಲಸವನ್ನು ಹೊರಗಿನ ಸಂಸ್ಥೆಗೆ ಒಪ್ಪಿಸುತ್ತದೆ, ಆ ಸಂಸ್ಥೆ ಪದವಿ, ಹಿಂದಿನ ಉದ್ಯೋಗಗಳು, ವಿಳಾಸ ಎಲ್ಲವನ್ನೂ ತಾಳೆ ನೋಡುತ್ತದೆ.

ಪದವಿಯಿಂದ ಆರಂಭಿಸೋಣ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1998ರಲ್ಲಿ. ಅದಕ್ಕೆ ಮುಂಚೆ ಎಂಜಿನಿಯರಿಂಗ್ ಓದಿದವರ ಪದವಿ ಬೆಂಗಳೂರು, ಮೈಸೂರು, ಧಾರವಾಡದ ಕರ್ನಾಟಕ, ಮಂಗಳೂರು, ಗುಲಬರ್ಗಾ ಅಥವಾ ಕುವೆಂಪು ವಿಶ್ವವಿದ್ಯಾಲಯದ್ದಾಗಿರುತ್ತದೆ. ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬರೆದರೆ ಅಂಥವರ ದಾಖಲೆ ಸಿಗುವುದಿಲ್ಲ. ಆ ಕಾಲದಲ್ಲಿ ತಾತ್ಕಾಲಿಕ ಪ್ರಮಾಣಪತ್ರ ಹಿಡಿದು ಕೆಲಸಕ್ಕೆ ಸೇರಿ, ಘಟಿಕೋತ್ಸವದ ಪ್ರಮಾಣಪತ್ರಕ್ಕೆ ಅರ್ಜಿಯನ್ನೇ ಹಾಕದೆ ಉಳಿದವರು ಬಹಳ ಮಂದಿ ಇದ್ದಾರೆ. ಅದನ್ನೂ ಕಳೆದುಹೋದ ಮಾರ್ಕ್ಸ್ ಕಾರ್ಡಿನ ನಕಲನ್ನೂ ಪಡೆಯಲು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಅಲೆಯಬೇಕಾಗುತ್ತದೆ, ವಾರಗಳೇ ಹಿಡಿಯಬಹುದು. ಆಫರ್ ಬಂದ ಮೇಲೆ ಆ ವಾರಗಳು ನಿಮ್ಮ ಕೈಯಲ್ಲಿರುವುದಿಲ್ಲ.

ಹೆಸರಿನ ತೊಡಕು ನಮ್ಮ ಕಡೆಯವರಿಗೇ ವಿಶೇಷವಾದದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನದೊಂದು, ತಂದೆಯದೊಂದು ಇನಿಷಿಯಲ್ ಮೊದಲಿಗೆ ಬಂದು ಕೊನೆಯಲ್ಲಿ ಹೆಸರಿರುತ್ತದೆ. ಪ್ಯಾನ್ ಕಾರ್ಡಿನಲ್ಲಿ ಅದೇ ಇನಿಷಿಯಲ್‌ಗಳು ಬಿಡಿಸಿಕೊಂಡು ಊರಿನ ಹೆಸರೇ ಮೊದಲ ಹೆಸರಾಗಿರುತ್ತದೆ. ಆಧಾರ್‌ನಲ್ಲಿ ಅವು ಹೆಸರಿನ ಹಿಂದಕ್ಕೆ ಹೋಗಿರುತ್ತವೆ. ಮೂವರೂ ಒಬ್ಬರೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಪಿಎಫ್ ದಾಖಲೆ, ಆಧಾರ್, ಪ್ಯಾನ್ ಮೂರರಲ್ಲಾದರೂ ಹೆಸರು ಮತ್ತು ಹುಟ್ಟಿದ ದಿನಾಂಕ ಒಂದೇ ಆಗಿರುವಂತೆ ಸರಿಪಡಿಸಿಕೊಳ್ಳಿ. ಹಳೆಯ ಅಂಕಪಟ್ಟಿಗಳನ್ನು ತಿದ್ದಿಸುವುದು ಕಷ್ಟವಾದ್ದರಿಂದ, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಅಫಿಡವಿಟ್ಟನ್ನು ನೋಟರಿಯವರಲ್ಲಿ ಮಾಡಿಸಿ ಇಟ್ಟುಕೊಳ್ಳಿ.

ಮುಚ್ಚಿಹೋದ ಕಂಪನಿಯಲ್ಲಿ ಕೆಲಸ ಮಾಡಿದವರಿಗೆ ಅನುಭವ ಪತ್ರ ಕೊಡುವವರೇ ಇರುವುದಿಲ್ಲ. ಆಗ ಫಾರ್ಮ್ 16, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್ ನೆರವಿಗೆ ಬರುತ್ತವೆ. ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆಯ ಸೇವಾ ಇತಿಹಾಸದಲ್ಲಿ ಯಾವ ಕಂಪನಿಗೆ ಎಂದು ಸೇರಿದಿರಿ, ಎಂದು ಬಿಟ್ಟಿರಿ ಎಂಬುದು ದಾಖಲಾಗಿರುತ್ತದೆ, ಪರಿಶೀಲಿಸುವವರು ಅದನ್ನು ನೋಡಿಯೇ ನೋಡುತ್ತಾರೆ. ರೆಸ್ಯೂಮೆಯ ದಿನಾಂಕಗಳು ಅದಕ್ಕೆ ಹೊಂದಬೇಕು. ಐದು ತಿಂಗಳ ಖಾಲಿ ಅವಧಿಯನ್ನು ಮುಚ್ಚಲು ದಿನಾಂಕ ಹಿಗ್ಗಿಸಿದವರು ಸಿಕ್ಕ ಕೆಲಸವನ್ನೂ ಕಳೆದುಕೊಳ್ಳುತ್ತಾರೆ. ಖಾಲಿ ಅವಧಿಯಿಂದಲೇ ಕೆಲಸ ತಪ್ಪುವುದು ಅದಕ್ಕಿಂತ ಅಪರೂಪ.

ರೆಸ್ಯೂಮೆಯಲ್ಲಿ ವರ್ಷಗಳ ಬದಲು ತೊಂದರೆಗಳು

‘25 ವರ್ಷಗಳ ಅಪಾರ ಅನುಭವವುಳ್ಳ, ಶ್ರಮಜೀವಿ, ತಂಡದೊಂದಿಗೆ ಬೆರೆಯುವ ವೃತ್ತಿಪರ’ ಎಂಬ ಸಾಲಿನಿಂದ ಆರಂಭವಾಗುವ ರೆಸ್ಯೂಮೆ ಓದುವವರಿಗೆ ಎರಡೇ ಸಂಗತಿ ತಿಳಿಸುತ್ತದೆ: ಅಭ್ಯರ್ಥಿಗೆ ವಯಸ್ಸಾಗಿದೆ, ಸಂಬಳ ಹೆಚ್ಚು ಕೇಳುತ್ತಾರೆ. ಅನುಭವವನ್ನು ವರ್ಷದಲ್ಲಿ ಅಳೆಯುವುದನ್ನು ಬಿಟ್ಟು, ಯಾವ ತೊಂದರೆ ಎದುರಾಗಿತ್ತು, ನೀವೇನು ಮಾಡಿದಿರಿ, ಏನಾಯಿತು ಎಂಬುದನ್ನು ಬರೆಯಿರಿ.

ಪೀಣ್ಯದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದ ಮುಖ್ಯಸ್ಥರನ್ನು ಊಹಿಸಿಕೊಳ್ಳಿ. ‘ಗುಣಮಟ್ಟ ನಿರ್ವಹಣೆಯ ಸಂಪೂರ್ಣ ಜವಾಬ್ದಾರಿ’ ಎಂದು ಬರೆದರೆ ಅದು ಹುದ್ದೆಯ ವಿವರಣೆಯಷ್ಟೇ. ಅದರ ಬದಲು, ‘ಹಳೆಯ ಟಿಎಸ್ 16949 ಪ್ರಮಾಣಪತ್ರದಿಂದ 2016ರ ಐಎಟಿಎಫ್ 16949 ಮಾನದಂಡಕ್ಕೆ ಕಾರ್ಖಾನೆಯನ್ನು ಬದಲಾಯಿಸುವ ಕೆಲಸವನ್ನು ಹೊರಗಿನ ಸಲಹೆಗಾರರಿಲ್ಲದೆ ಮುಗಿಸಿದೆ, ಗ್ರಾಹಕ ಕಂಪನಿಯಿಂದ ವಾಪಸಾಗುತ್ತಿದ್ದ ಮಾಲಿನ ಮೂಲಕಾರಣವನ್ನು ಶಾಖೋಪಚಾರದ ಹಂತದಲ್ಲಿ ಗುರುತಿಸಿ ನಿಲ್ಲಿಸಿದೆ’ ಎಂದು ಬರೆದಾಗ, ಅದೇ ತಲೆನೋವಿರುವ ಮತ್ತೊಬ್ಬ ಕಾರ್ಖಾನೆ ಮಾಲೀಕರು ಫೋನ್ ಕೈಗೆತ್ತಿಕೊಳ್ಳುತ್ತಾರೆ. ಲೆಕ್ಕಪತ್ರ ವಿಭಾಗದವರಾದರೆ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಕಂಪನಿಯ ಬಿಲ್ಲಿಂಗನ್ನು ಹೇಗೆ ಬದಲಾಯಿಸಿದಿರಿ, ಸಿಲುಕಿಕೊಂಡಿದ್ದ ಇನ್‌ಪುಟ್ ಕ್ರೆಡಿಟನ್ನು ಎಷ್ಟು ಬಿಡಿಸಿದಿರಿ ಎಂಬುದನ್ನು ಬರೆಯಬಹುದು. ನಿಮ್ಮ ಸಾಲುಗಳಲ್ಲಿ ಅಂಕಿಗಳಿರಲಿ, ಆದರೆ ಸಂದರ್ಶನದಲ್ಲಿ ಕೆದಕಿ ಕೇಳಿದರೆ ಲೆಕ್ಕ ಬಿಡಿಸಿ ತೋರಿಸಬಲ್ಲ ಅಂಕಿಗಳೇ ಇರಲಿ.

ಎರಡು ಪುಟ ಸಾಕು. ಕೊನೆಯ ಹತ್ತು ಹನ್ನೆರಡು ವರ್ಷಗಳನ್ನು ವಿವರವಾಗಿ ಬರೆದು, ಅದಕ್ಕೂ ಹಿಂದಿನದನ್ನು ಕಂಪನಿ, ಹುದ್ದೆಗಳ ಎರಡು ಮೂರು ಸಾಲಿಗೆ ಇಳಿಸಿ. ತಂದೆಯ ಹೆಸರು, ವೈವಾಹಿಕ ಸ್ಥಿತಿ, ಎಸ್ಸೆಸ್ಸೆಲ್ಸಿ ಶೇಕಡಾವಾರು ಅಂಕ, ‘ಮೇಲಿನ ಮಾಹಿತಿಯು ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಕೊನೆಯ ಘೋಷಣೆ ಬಯೋಡೇಟಾ ಕಾಲದ ಉಳಿಕೆಗಳು; ತೆಗೆದುಹಾಕಿ. ಹುಟ್ಟಿದ ದಿನಾಂಕವನ್ನೂ ಪದವಿ ಪಡೆದ ವರ್ಷವನ್ನೂ ಬಿಡಬಹುದೇ ಎಂದು ಹಲವರು ಕೇಳುತ್ತಾರೆ. ರೆಸ್ಯೂಮೆಯಲ್ಲಿ ಬಿಡುವುದರಲ್ಲಿ ತಪ್ಪಿಲ್ಲ, ಕೇಳಿದಾಗ ಮಾತ್ರ ಮುಚ್ಚಿಡಬಾರದು. ಕೂದಲಿಗೆ ಬಣ್ಣ ಹಚ್ಚಿಕೊಳ್ಳಬೇಕೇ ಎಂಬುದನ್ನು ಅವರವರ ಕನ್ನಡಿಗೆ ಬಿಟ್ಟುಬಿಡೋಣ. ದೊಡ್ಡ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಓದುವುದು ಸಾಫ್ಟ್‌ವೇರ್ ಆದ್ದರಿಂದ ಕೋಷ್ಟಕ, ಎರಡು ಕಾಲಂ, ಫೋಟೊ, ಬಣ್ಣದ ಪಟ್ಟಿಗಳಿಲ್ಲದ ಸರಳ ಕಡತವಿರಲಿ, ಜಾಹೀರಾತಿನಲ್ಲಿ ಬಳಸಿದ ತಾಂತ್ರಿಕ ಪದಗಳು ನಿಮ್ಮ ಕೆಲಸಕ್ಕೆ ನಿಜವಾಗಿ ಅನ್ವಯಿಸುವಲ್ಲಿ ಯಥಾವತ್ತಾಗಿ ಬರಲಿ.

ಎಲ್ಲಿ ಹುಡುಕಬೇಕು

ಕೆಲಸದ ತಾಣಗಳಿಗೆ ದಿನದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೊಡಬೇಡಿ. ಆ ಅರ್ಧ ಗಂಟೆಯಲ್ಲಿ ನೌಕ್ರಿಯ ವಿವರಗಳನ್ನು ಆಗಾಗ ನವೀಕರಿಸಿ, ಏಕೆಂದರೆ ಇತ್ತೀಚೆಗೆ ಸಕ್ರಿಯರಾಗಿದ್ದವರನ್ನಷ್ಟೇ ಆರಿಸುವ ಸೌಲಭ್ಯ ನೇಮಕಾತಿಯವರಿಗಿದೆ. ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕೆರಿಯರ್ ಸರ್ವೀಸ್, ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳಲ್ಲಿಯೂ ಉಚಿತವಾಗಿ ನೋಂದಾಯಿಸಬಹುದು, ಆದರೆ ಅಲ್ಲಿ ಹೊಸಬರಿಗೆ ಇರುವಷ್ಟು ಹುದ್ದೆಗಳು ಹಿರಿಯರಿಗಿಲ್ಲ. ಈಗಾಗಲೇ ಕೆಲಸ ಬಿಟ್ಟಿದ್ದರೆ ‘ತಕ್ಷಣ ಸೇರಬಲ್ಲೆ’ ಎಂದು ಎದ್ದುಕಾಣುವಂತೆ ಬರೆಯಿರಿ. ಐಟಿ ವಲಯದಲ್ಲಿ ಮೂರು ತಿಂಗಳ ನೋಟಿಸ್ ಪೀರಿಯಡ್ ಸಾಮಾನ್ಯವಾಗಿರುವಾಗ, ಮುಂದಿನ ಸೋಮವಾರ ಬರಬಲ್ಲವರಿಗೆ ಇರುವ ಬೆಲೆ ಕಡಿಮೆಯದ್ದಲ್ಲ.

ಉಳಿದ ಸಮಯವೆಲ್ಲ ಮನುಷ್ಯರಿಗೆ ಮೀಸಲಾಗಿರಲಿ. ನಿಮ್ಮೊಂದಿಗೆ ಕೆಲಸ ಮಾಡಿದವರ ಪಟ್ಟಿ ಬರೆಯುವಾಗ ನಾವು ಮೇಲಧಿಕಾರಿಗಳನ್ನು ಮೊದಲು ನೆನೆಯುತ್ತೇವೆ, ಅವರಲ್ಲಿ ಅರ್ಧದಷ್ಟು ಮಂದಿ ನಿವೃತ್ತರಾಗಿರುತ್ತಾರೆ. ಹತ್ತು ವರ್ಷದ ಹಿಂದೆ ನಿಮ್ಮ ಕೈಕೆಳಗೆ ಕೆಲಸ ಕಲಿತ ಹುಡುಗರು, ಹುಡುಗಿಯರು ಈಗ ವ್ಯವಸ್ಥಾಪಕರಾಗಿರುತ್ತಾರೆ. ನೇಮಕಾತಿಯ ನಿರ್ಧಾರ ಅವರ ಕೈಯಲ್ಲಿರುತ್ತದೆ. ಅವರನ್ನು ಕೇಳಲು ಸಂಕೋಚವಾಗುವುದು ಸಹಜ, ಆದರೂ ಕೇಳಬೇಕು. ಅವರಷ್ಟೇ ಮುಖ್ಯರಾದವರು ನಿಮಗೆ ಮಾಲು ಪೂರೈಸುತ್ತಿದ್ದ ವೆಂಡರ್‌ಗಳು, ನಿಮ್ಮಿಂದ ಮಾಲು ಕೊಳ್ಳುತ್ತಿದ್ದ ಗ್ರಾಹಕರು, ವರ್ಷವರ್ಷ ಬರುತ್ತಿದ್ದ ಆಡಿಟರ್‌ಗಳು. ಒಬ್ಬ ವೆಂಡರ್ ಹತ್ತು ಕಂಪನಿಗಳ ಬಾಗಿಲು ತಟ್ಟುವವರಾದ್ದರಿಂದ ಎಲ್ಲಿ ಯಾರು ಬಿಟ್ಟರು, ಎಲ್ಲಿ ಕೆಲಸ ನಿಂತಿದೆ ಎಂಬುದು ಜಾಹೀರಾತು ಬರುವ ಮೊದಲೇ ಅವರಿಗೆ ಗೊತ್ತಿರುತ್ತದೆ.

ಕೇಳುವ ಬಗೆಯಲ್ಲಿ ಎಚ್ಚರವಿರಲಿ. ‘ಏನಾದರೂ ಓಪನಿಂಗ್ ಇದ್ದರೆ ಹೇಳಿ’ ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ‘ಖಂಡಿತ ಸರ್’ ಎಂಬ ಉತ್ತರ ಬಂದು ಅಲ್ಲಿಗೆ ಮುಗಿಯುತ್ತದೆ. ಆ ವ್ಯಕ್ತಿ ಮಾಡಬಹುದಾದ ಒಂದು ಸಣ್ಣ, ಖಚಿತವಾದ ಕೆಲಸವನ್ನು ಕೇಳಿ: ‘ನಿಮ್ಮ ಕಂಪನಿಯ ದಾಬಸ್‌ಪೇಟೆ ಘಟಕಕ್ಕೆ ಖರೀದಿ ವಿಭಾಗದವರು ಬೇಕೆಂದು ಕೇಳಿದೆ. ಆಮದು ಬಿಡಿಭಾಗಗಳನ್ನು ಸ್ಥಳೀಯವಾಗಿ ತಯಾರಿಸಿಕೊಳ್ಳುವ ಕೆಲಸವನ್ನು ನಾನು ನಾಲ್ಕು ವರ್ಷ ನೋಡಿಕೊಂಡಿದ್ದೇನೆ. ಘಟಕದ ಮುಖ್ಯಸ್ಥರೊಂದಿಗೆ ಹದಿನೈದು ನಿಮಿಷ ಮಾತನಾಡಲು ಪರಿಚಯ ಮಾಡಿಕೊಡುತ್ತೀರಾ?’ ಇಂಥ ಕೋರಿಕೆಗೆ ಹೌದು ಅಥವಾ ಇಲ್ಲ ಎನ್ನುವುದು ಅವರಿಗೂ ಸುಲಭ.

ಸಣ್ಣ ಮತ್ತು ಮಧ್ಯಮ ಉದ್ಯಮಗಳೇ ಹಿರಿಯರಿಗೆ ಹೆಚ್ಚು ತೆರೆದ ಬಾಗಿಲುಗಳೆಂಬುದು ನನ್ನ ದೃಢವಾದ ಅಭಿಪ್ರಾಯ. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಮೈಸೂರಿನ ಹೆಬ್ಬಾಳ ಮತ್ತು ಹೂಟಗಳ್ಳಿ, ತುಮಕೂರಿನ ವಸಂತನರಸಾಪುರ, ಹುಬ್ಬಳ್ಳಿಯ ತಾರಿಹಾಳ, ಬೆಳಗಾವಿಯ ಉದ್ಯಮಬಾಗ್, ಮಂಗಳೂರಿನ ಬೈಕಂಪಾಡಿ ಇಂಥ ಕೈಗಾರಿಕಾ ಪ್ರದೇಶಗಳಲ್ಲಿ ಮಾಲೀಕರೇ ನೇಮಕ ಮಾಡಿಕೊಳ್ಳುತ್ತಾರೆ, ನಡುವೆ ವರ್ಷ ಎಣಿಸುವ ಎಚ್‌ಆರ್ ವಿಭಾಗ ಇರುವುದಿಲ್ಲ. ತಂದೆ ಕಟ್ಟಿದ ಕಾರ್ಖಾನೆಯನ್ನು ಮಕ್ಕಳು ವಹಿಸಿಕೊಳ್ಳುತ್ತಿರುವ ಕಡೆ, ದೊಡ್ಡ ಕಂಪನಿಯ ಆಡಿಟ್ ಎದುರಿಸಬಲ್ಲ, ಬ್ಯಾಂಕಿನೊಂದಿಗೆ ಮಾತನಾಡಬಲ್ಲ, ಶಿಫ್ಟ್ ಮೇಲ್ವಿಚಾರಕರನ್ನು ಹಿಡಿತದಲ್ಲಿಡಬಲ್ಲ ಒಬ್ಬರು ಬೇಕಾಗಿರುತ್ತಾರೆ. ವಿಮಾನದ ಬಿಡಿಭಾಗ ಮಾಡುವ ಘಟಕಗಳಿಗೆ ಎಎಸ್ 9100 ಗುಣಮಟ್ಟ ವ್ಯವಸ್ಥೆ ತಿಳಿದವರು ಸುಲಭಕ್ಕೆ ಸಿಗುವುದಿಲ್ಲ. ಸಣ್ಣ ಕೈಗಾರಿಕೆಗಳ ರಾಜ್ಯ ಸಂಘವಾದ ಕಾಸಿಯಾ, ಪೀಣ್ಯ ಕೈಗಾರಿಕಾ ಸಂಘ, ರಾಜ್ಯದ ವಾಣಿಜ್ಯೋದ್ಯಮ ಒಕ್ಕೂಟವಾದ ಎಫ್‌ಕೆಸಿಸಿಐ ಹಾಗೂ ಜಿಲ್ಲಾ ಕೈಗಾರಿಕಾ ಸಂಘಗಳು ನಡೆಸುವ ಪ್ರದರ್ಶನ, ಕಾರ್ಯಾಗಾರಗಳಿಗೆ ಹೋಗಿ ಮಾಲೀಕರ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳಿ. ಸಂಬಳ ದೊಡ್ಡ ಕಂಪನಿಗಿಂತ ಕಡಿಮೆ ಇರುತ್ತದೆ, ಶನಿವಾರವೂ ಕೆಲಸವಿರುತ್ತದೆ, ಮಾಲೀಕರ ಮನೆಯವರೆಲ್ಲ ಆದೇಶ ಕೊಡುವ ಕಾರ್ಖಾನೆಗಳೂ ಇರುತ್ತವೆ. ಒಪ್ಪುವ ಮುನ್ನ ಅಲ್ಲಿನ ಹಳೆಯ ನೌಕರರೊಬ್ಬರನ್ನು ವಿಚಾರಿಸುವುದು ಒಳ್ಳೆಯದು.

ಬಹುರಾಷ್ಟ್ರೀಯ ಕಂಪನಿಗಳ ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಅಂದರೆ ಎಲ್ಲರೂ ಜಿಸಿಸಿ ಎನ್ನುವ ಕಚೇರಿಗಳು, ಇನ್ನೊಂದು ದಾರಿ. ಕರ್ನಾಟಕ 2024ರಲ್ಲಿ ಪ್ರಕಟಿಸಿದ ಜಿಸಿಸಿ ನೀತಿಯು 2029ರೊಳಗೆ 500 ಹೊಸ ಕೇಂದ್ರಗಳನ್ನು ತರುವ ಗುರಿ ಇಟ್ಟುಕೊಂಡಿದೆ. ಅಲ್ಲಿ ಕೋಡ್ ಬರೆಯುವವರಷ್ಟೇ ಅಲ್ಲದೆ ಹಣಕಾಸು, ತೆರಿಗೆ, ಪೂರೈಕೆ ಸರಪಳಿ, ನಿಯಮಪಾಲನೆ ಬಲ್ಲವರೂ ಬೇಕು, ಕೇಂದ್ರ ಹೊಸದಾಗಿದ್ದಾಗ ಕಟ್ಟಿ ನಿಲ್ಲಿಸಿದ ಅನುಭವಕ್ಕೆ ಬೆಲೆಯಿರುತ್ತದೆ. ನೇಮಕ ಮಾತ್ರ ಬಹುತೇಕ ಒಳಗಿನವರ ರೆಫರಲ್ ಮೂಲಕವೇ ವೇಗವಾಗಿ ಆಗುತ್ತದೆ.

ಇವೆರಡರ ಆಚೆಗೂ ವಯಸ್ಸನ್ನು ಅಡ್ಡಿಯೆಂದು ನೋಡದ ಕೆಲಸಗಳಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟಿಸ್’ ಮಾರ್ಗಸೂಚಿಯಂತೆ ತಮ್ಮ ವೃತ್ತಿಯಲ್ಲಿ 15 ವರ್ಷ ಕೆಲಸ ಮಾಡಿದ ಪರಿಣತರು ಪಿಎಚ್‌ಡಿ ಇಲ್ಲದೆಯೂ ಕಾಲೇಜುಗಳಲ್ಲಿ ಗರಿಷ್ಠ ಮೂರು ವರ್ಷ, ಅಪವಾದವಾಗಿ ನಾಲ್ಕು ವರ್ಷ ಬೋಧಿಸಬಹುದು. ಗುತ್ತಿಗೆಯ ಹುದ್ದೆಯಾದರೂ ನಡುವಿನ ಕಾಲಕ್ಕೆ ಗೌರವದ ನೆಲೆ. ಸ್ವಯಂ ನಿವೃತ್ತಿ ಪಡೆದ ಬ್ಯಾಂಕ್ ಅಧಿಕಾರಿಗಳಿಗೆ ಸೌಹಾರ್ದ ಸಹಕಾರಿಗಳಲ್ಲಿ ಸಾಲ ಪರಿಶೀಲನೆ, ಲೆಕ್ಕ ತಪಾಸಣೆಯ ಕೆಲಸವಿರುತ್ತದೆ, ಸಹಕಾರಿಯ ಹಣಕಾಸಿನ ಸ್ಥಿತಿಯನ್ನು ಮೊದಲು ನೀವೇ ತಪಾಸಣೆ ಮಾಡಿಕೊಳ್ಳುವುದಾದರೆ. ದೊಡ್ಡ ಅಪಾರ್ಟ್‌ಮೆಂಟ್ ಸಂಘಗಳು ಎಸ್ಟೇಟ್ ಮ್ಯಾನೇಜರ್ ಹುದ್ದೆಗೆ ಮಾಜಿ ಸೈನಿಕರನ್ನೂ ಕಾರ್ಖಾನೆ ನಿರ್ವಹಣೆ ಬಲ್ಲವರನ್ನೂ ಹುಡುಕುತ್ತವೆ. ಮನೆಯ ಜವಾಬ್ದಾರಿಗಾಗಿ ಕೆಲಸ ಬಿಟ್ಟು ಮರಳುತ್ತಿರುವ ಮಹಿಳೆಯರಿಗೆ ಟಾಟಾ ಸಮೂಹ 2008ರಲ್ಲಿ ಆರಂಭಿಸಿದ ಎರಡನೇ ವೃತ್ತಿಯ ಇಂಟರ್ನ್‌ಶಿಪ್ ಯೋಜನೆಯಂಥವು, ಬೆಂಗಳೂರಿನಲ್ಲೇ 2015ರಲ್ಲಿ ಜಾಬ್ಸ್‌ಫಾರ್‌ಹರ್ ಎಂದು ಹುಟ್ಟಿ ಈಗ ಹರ್‌ಕೀ ಎಂಬ ಹೆಸರಿನಲ್ಲಿರುವ ತಾಣದಂಥವು ನೆರವಾಗುತ್ತವೆ. ಅಲ್ಲಿ ಖಾಲಿ ವರ್ಷಗಳಿಗೆ ಸಮಜಾಯಿಷಿ ಕೊಡುವ ಕೆಲಸವೇ ಇಲ್ಲ.

ಹೊಸದಾಗಿ ಕಲಿಯುವುದು ಎಷ್ಟು

ಬೇಕಾದಷ್ಟೇ. ನಾಲ್ಕು ಲಕ್ಷ ರೂಪಾಯಿಯ ಡೇಟಾ ಸೈನ್ಸ್ ಕೋರ್ಸಿಗೆ ಸೇರಿದ ಐವತ್ತರ ಅಭ್ಯರ್ಥಿ ಇಪ್ಪತ್ಮೂರರ ಹೊಸಬರೊಂದಿಗೆ ಅವರ ಅಂಗಳದಲ್ಲೇ ಸ್ಪರ್ಧೆಗಿಳಿದಂತೆ. ನಿಮ್ಮ ಕ್ಷೇತ್ರದ ಹತ್ತು ಜಾಹೀರಾತುಗಳನ್ನು ಎದುರಿಗಿಟ್ಟುಕೊಂಡು, ಪದೇ ಪದೇ ಕಾಣುವ ಆದರೆ ನಿಮಗೆ ಬಾರದ ಒಂದು ಸಲಕರಣೆಯನ್ನು ಮಾತ್ರ ಆರಿಸಿಕೊಳ್ಳಿ. ಟೂಲ್ ರೂಂ, ಸಿಎನ್‌ಸಿ, ವಿನ್ಯಾಸದ ಕೆಲಸಗಳಿಗೆ ರಾಜ್ಯದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿ ಅಲ್ಪಾವಧಿ ಕೋರ್ಸುಗಳಿವೆ. ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸುವ ಎನ್‌ಪಿಟಿಇಎಲ್ ಪಾಠಗಳು ಉಚಿತ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ.

ಸಂದರ್ಶನ ಮತ್ತು ಸಂಬಳ

ಎದುರಿಗೆ ಕುಳಿತವರು ನಿಮಗಿಂತ ಹದಿನೈದು ವರ್ಷ ಚಿಕ್ಕವರಾಗಿರುವ ಸಾಧ್ಯತೆ ಹೆಚ್ಚು. ಅವರ ಮನಸ್ಸಿನಲ್ಲಿರುವ ಪ್ರಶ್ನೆಗಳು ಮೂರು: ಇವರು ನನ್ನ ಮಾತು ಕೇಳುತ್ತಾರೆಯೇ, ಕೈಯಿಂದ ಕೆಲಸ ಮಾಡುತ್ತಾರೆಯೇ ಅಥವಾ ಮಾಡಿಸುವುದಷ್ಟೇ ಗೊತ್ತೇ, ಇದಕ್ಕಿಂತ ದೊಡ್ಡದು ಸಿಕ್ಕ ದಿನ ಬಿಟ್ಟು ಹೋಗುತ್ತಾರೆಯೇ. ಇವನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ, ಆದ್ದರಿಂದ ಕೇಳದೆಯೇ ಉತ್ತರಿಸಬೇಕು. ಹಿಂದೆ ನಿಮಗಿಂತ ಕಿರಿಯ ಮುಖ್ಯಸ್ಥರೊಂದಿಗೆ ಕೆಲಸ ಮಾಡಿದ ಒಂದು ಸಂದರ್ಭವನ್ನು ಮಾತಿನ ನಡುವೆ ತನ್ನಿ. ಕಳೆದ ವರ್ಷ ನೀವೇ ಸ್ವತಃ ತಯಾರಿಸಿದ ಒಂದು ವರದಿ, ನಕ್ಷೆ ಅಥವಾ ಲೆಕ್ಕದ ಹಾಳೆಯ ಬಗ್ಗೆ, ಹಳೆಯ ಕಂಪನಿಯ ಗುಟ್ಟು ಹೊರಹೋಗದಂತೆ ವಿವರಿಸಿ. ಈ ಹುದ್ದೆಯೇ ಏಕೆ ಎಂಬುದಕ್ಕೆ ನಂಬಲರ್ಹವಾದ ಕಾರಣ ಕೊಡಿ. ಮನೆಯ ಹತ್ತಿರ ಎಂಬುದೂ ಒಳ್ಳೆಯ ಕಾರಣವೇ. 2023ರ ಅಕ್ಟೋಬರಿನಲ್ಲಿ ನೇರಳೆ ಮೆಟ್ರೊ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡ ಮೇಲೆ, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರ ಮುಟ್ಟಿದ ಮೇಲೆ ಎಷ್ಟೋ ಮಂದಿಗೆ ಹತ್ತಿರ ಎಂಬುದರ ಅರ್ಥವೇ ಬದಲಾಗಿದೆ. ಯಾವ ನಿಲ್ದಾಣದಿಂದ ಎಷ್ಟು ಹೊತ್ತಿನಲ್ಲಿ ತಲುಪುತ್ತೀರಿ ಎಂದು ಹೇಳಿದರೆ ದಿನಾ ಬರಬಲ್ಲರೇ ಎಂಬ ಅನುಮಾನ ನಿವಾರಣೆಯಾಗುತ್ತದೆ.

ಮಾತಿನ ರೀತಿಯೂ ಎಣಿಕೆಗೆ ಬರುತ್ತದೆ. ಮನೆಯ ಮಕ್ಕಳ ವಯಸ್ಸಿನವರೆಂದು ‘ಏನಪ್ಪಾ’, ‘ನೋಡಮ್ಮಾ’ ಎನ್ನುವುದು ನಿಮ್ಮ ಮಟ್ಟಿಗೆ ಅಕ್ಕರೆಯಾದರೂ ಸಂದರ್ಶನದ ಕೋಣೆಯಲ್ಲಿ ಅದು ಸಲ್ಲದು. ‘ನಮ್ಮ ಕಾಲದಲ್ಲಿ’ ಎಂದು ಆರಂಭವಾಗುವ ವಾಕ್ಯವನ್ನು ಬಾಯಿಗೆ ಬರುವ ಮೊದಲೇ ನುಂಗಿಕೊಳ್ಳಿ. ಹಳೆಯ ಕಂಪನಿಯವರು ಏಕೆ ತೆಗೆದರೆಂದು ಕೇಳಿದರೆ, ವಿಭಾಗ ಮುಚ್ಚಿತು ಅಥವಾ ಕೆಲಸ ಬೇರೆ ಊರಿಗೆ ಹೋಯಿತು ಎಂಬ ನಿಜವನ್ನು ಎರಡು ವಾಕ್ಯದಲ್ಲಿ ಹೇಳಿ ಮುಂದಿನ ಮಾತಿಗೆ ಹೋಗಿ. ಆ ಕಂಪನಿಯ ಮೇಲಿನ ಸಿಟ್ಟನ್ನು ಎಷ್ಟೇ ನ್ಯಾಯವಾಗಿದ್ದರೂ ಹೊರಗೇ ಬಿಟ್ಟು ಬರಬೇಕು.

ಕಡಿಮೆ ಸಂಬಳಕ್ಕೆ ಒಪ್ಪುವಿರಾ ಎಂಬ ಪ್ರಶ್ನೆಗೆ ‘ಎಷ್ಟು ಕೊಟ್ಟರೂ ಪರವಾಗಿಲ್ಲ’ ಎಂದು ಉತ್ತರಿಸಿದವರನ್ನು ಯಾರೂ ನಂಬುವುದಿಲ್ಲ. ಸಂಬಳ ಕಡಿಮೆಯೆಂದು ನಾಳೆ ಬಿಟ್ಟುಹೋಗುವರೆಂದೇ ಎಣಿಸುತ್ತಾರೆ. ಮನೆಯಲ್ಲಿ ಬರೆದುಕೊಂಡ ಕನಿಷ್ಠ ಮೊತ್ತ ಇಲ್ಲಿ ನೆರವಿಗೆ ಬರುತ್ತದೆ. ‘ಹಿಂದೆ ಪಡೆಯುತ್ತಿದ್ದುದು ಇಷ್ಟು. ಈ ಹುದ್ದೆಯ ಜವಾಬ್ದಾರಿ ಅದಕ್ಕಿಂತ ಕಿರಿದೆಂದು ತಿಳಿದೇ ಬಂದಿದ್ದೇನೆ. ಮನೆಸಾಲ ತೀರಿರುವುದರಿಂದ ಇಷ್ಟರಿಂದ ಇಷ್ಟರವರೆಗೆ ನನಗೆ ಸರಿಹೋಗುತ್ತದೆ’ ಎಂದು ಒಂದು ಸಲ, ಕಾರಣದೊಂದಿಗೆ ಹೇಳಿ ಸುಮ್ಮನಾಗಿ. ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ, ಎಂಬ ದೊಡ್ಡ ಅಂಕಿಗೆ ಮರುಳಾಗದೆ, ಅದರಲ್ಲಿ ಖಚಿತವಾಗಿ ತಿಂಗಳು ತಿಂಗಳು ಕೈಗೆ ಬರುವುದೆಷ್ಟು, ಕಂಪನಿಯ ಲಾಭ ನೋಡಿ ಕೊಡುವುದೆಷ್ಟು, ಕಂಪನಿಯ ಪಾಲಿನ ಪಿಎಫ್ ಮತ್ತು ಗ್ರಾಚ್ಯುಟಿಯನ್ನು ಒಳಗೇ ಸೇರಿಸಿದ್ದಾರೆಯೇ ಎಂಬುದನ್ನು ಬಿಡಿಸಿ ಕೇಳಿ.

ಸಲಹೆಗಾರರಾಗಿ ಬನ್ನಿ ಎಂದರೆ

ಆರು ತಿಂಗಳು ಕನ್ಸಲ್ಟೆಂಟ್ ಆಗಿ ಬನ್ನಿ, ಆಮೇಲೆ ನೋಡೋಣ ಎನ್ನುವ ಕಂಪನಿಗಳು ಹೆಚ್ಚುತ್ತಿವೆ. ಖಾಲಿ ಕೂರುವುದಕ್ಕಿಂತ ಇದು ಮೇಲು, ಎಷ್ಟೋ ಬಾರಿ ಕಾಯಂ ಹುದ್ದೆಗೆ ಮೆಟ್ಟಿಲೂ ಆಗುತ್ತದೆ. ಆದರೆ ಲೆಕ್ಕ ಬೇರೆ. ಶುಲ್ಕದಲ್ಲಿ ಶೇ 10ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ, ವರ್ಷದ ಆದಾಯ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಪಿಎಫ್, ಗ್ರಾಚ್ಯುಟಿ, ರಜೆ, ಗುಂಪು ವಿಮೆ ಯಾವುದೂ ಇರುವುದಿಲ್ಲ. ಇವೆಲ್ಲದರ ವೆಚ್ಚವನ್ನು ಸೇರಿಸಿಯೇ ತಿಂಗಳ ಶುಲ್ಕ ಕೇಳಬೇಕು. ಒಪ್ಪಂದದಲ್ಲಿ ಏನು ಮಾಡಿಕೊಡಬೇಕು, ಹಣ ಎಷ್ಟು ದಿನದೊಳಗೆ ಬರಬೇಕು, ನಡುವೆ ನಿಲ್ಲಿಸಿದರೆ ಎಷ್ಟು ದಿನದ ಸೂಚನೆ ಕೊಡಬೇಕು ಎಂಬ ಮೂರು ಅಂಶಗಳು ಬರಹದಲ್ಲಿ ಇರಲೇಬೇಕು.

ಮೋಸದ ಕರೆಗಳು

ರೆಸ್ಯೂಮೆ ಹೊರಗೆ ಬಿಟ್ಟ ವಾರದಲ್ಲೇ ಇವು ಆರಂಭವಾಗುತ್ತವೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ವೆರಿಫಿಕೇಷನ್ ಶುಲ್ಕ ಎಂದು ಅಭ್ಯರ್ಥಿಯಿಂದ ಹಣ ಕೇಳುವ ಉದ್ಯೋಗದಾತ ಉದ್ಯೋಗದಾತನೇ ಅಲ್ಲ. ಟೆಲಿಗ್ರಾಂನಲ್ಲಿ ಮನೆಯಿಂದಲೇ ಮಾಡುವ ಸುಲಭದ ಕೆಲಸವೆಂದು ಮೊದಲು ಐನೂರು ರೂಪಾಯಿ ಕೊಟ್ಟು ಆಮೇಲೆ ಲಕ್ಷಗಟ್ಟಲೆ ಕೀಳುವ ಜಾಲಕ್ಕೆ ಓದಿದವರೂ ಸಿಕ್ಕಿಬೀಳುತ್ತಿದ್ದಾರೆ. ಹಣ ಹೋಗಿದ್ದರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ; ಮೊದಲ ಕೆಲವು ಗಂಟೆಗಳಲ್ಲಿ ದೂರು ದಾಖಲಾದರೆ ಹಣ ಬೇರೆ ಖಾತೆಗೆ ಜಾರುವ ಮುನ್ನ ತಡೆಯುವ ಅವಕಾಶವಿರುತ್ತದೆ. ಕೊಲ್ಲಿ ದೇಶಗಳಿಗೆ ಕಳಿಸುವ ಏಜೆಂಟರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತರೇ ಎಂದು ನೋಡಿ. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ.

ಆಫರ್ ಲೆಟರ್ ಓದುವಾಗ

ಕೊನೆಗೂ ಪತ್ರ ಬಂದ ದಿನ ಸಂತೋಷದಲ್ಲಿ ಸಂಬಳದ ಪುಟವನ್ನಷ್ಟೇ ಓದಿ ಸಹಿ ಹಾಕುವವರು ಹೆಚ್ಚು. ಪ್ರೊಬೇಷನ್ ಅವಧಿ ಎಷ್ಟು, ಆ ಅವಧಿಯಲ್ಲಿ ಎಷ್ಟು ದಿನದ ಸೂಚನೆಯ ಮೇಲೆ ತೆಗೆಯಬಹುದು, ಅವಧಿಗೆ ಮುನ್ನ ಬಿಟ್ಟರೆ ಕಂಪನಿಗೆ ಹಣ ಕಟ್ಟಬೇಕೆಂಬ ಷರತ್ತಿದೆಯೇ, ಗುಂಪು ವಿಮೆ ಮೊದಲ ದಿನದಿಂದಲೇ ಅನ್ವಯಿಸುತ್ತದೆಯೇ, ತಂದೆತಾಯಿ ಅದರಲ್ಲಿ ಸೇರುತ್ತಾರೆಯೇ ಎಂಬುದನ್ನು ನೋಡಿ. ಐವತ್ತು ದಾಟಿದವರು ತಪ್ಪದೆ ಹುಡುಕಬೇಕಾದ ಇನ್ನೊಂದು ಸಾಲು ನಿವೃತ್ತಿ ವಯಸ್ಸಿನದು. ಕೆಲವು ಕಂಪನಿಗಳಲ್ಲಿ ಅದು 58, ಕೆಲವದರಲ್ಲಿ 60. ಪತ್ರದಲ್ಲಿ ‘ಕಂಪನಿಯ ನಿಯಮದಂತೆ’ ಎಂದಷ್ಟೇ ಇದ್ದರೆ ಆ ನಿಯಮದ ಪ್ರತಿಯನ್ನು ಇಮೇಲ್ ಮೂಲಕ ಕೇಳಿ ತರಿಸಿಕೊಂಡ ಮೇಲೆ ಸಹಿ ಹಾಕಿ. 55ರಲ್ಲಿ ಸೇರುವವರಿಗೆ ಈ ಎರಡು ಅಂಕಿಗಳ ನಡುವಿನ ಅಂತರವೆಂದರೆ ಎರಡು ವರ್ಷಗಳ ಸಂಬಳ. ಐದು ವರ್ಷ ಪೂರೈಸಿ ಗ್ರಾಚ್ಯುಟಿಗೆ ಅರ್ಹರಾಗುವುದೂ ಆಗದಿರುವುದೂ ಆ ಎರಡು ವರ್ಷಗಳ ಮೇಲೆಯೇ ನಿಂತಿರುತ್ತದೆ.